ರೊಟ್ಟಿಯಷ್ಟು ಬಿಸಿಲು

ಸೊಲ್ಲಾಪುರ, ವಿಜಾಪುರ ರೋಡಿನ ನರ್ಸರಿ.
ಕುಂಡ ಮುಟ್ಟುವ ಮೊದಲೇ ಸುಲಭಾಬಾಯಿ ಕೇಳಿದಳು:
"ಮನ್ಯಾಗ ಬಿಸಲ ಎಷ್ಟು ಬರ್ತದರೀ?"

ಇಪ್ಪತ್ತೆರಡು ವರ್ಷ ಆ ಖೋಲಿಯ ಬಾಡಿಗೆ ಕಟ್ಟಿದ್ದೇನೆ,
ಉತ್ತರ ಇರಲಿಲ್ಲ.
ರಾತ್ರಿ ಪಾಳಿಯವನು. ಊರು ಏಳುವಾಗ
ಕಿವಿಯಲ್ಲಿನ್ನೂ ಮಗ್ಗ ಓಡುತ್ತಿರುತ್ತದೆ,
ಹುಬ್ಬಿನ ಮೇಲೆ ಅರಳೆಯ ಧೂಳು.
ಡಜನ್ ಟವೆಲಿಗೆ ಎಷ್ಟು ನೂಲು, ಹೇಳಬಲ್ಲೆ.
ನನ್ನ ಕಿಟಕಿ ಯಾವ ದಿಕ್ಕಿಗೆ?

"ನೋಡ್ಕೊಂಡು ಬರ್ರಿ. ಗಿಡ ಎಲ್ಲೂ ಹೋಗೂದಿಲ್ಲ."

ರಜೆಯ ದಿನ ಖಡು ಹಿಡಿದು ನೆಲದ ಮೇಲೆ ಕೂತೆ.
ಹತ್ತಕ್ಕೆ ಏನಿಲ್ಲ.
ಹನ್ನೆರಡಕ್ಕೆ, ಎದುರಿನ ಕಾರಖಾನೆಯ ತಗಡಿಗೆ ಬಡಿದ ಒಂದು ಚೂರು
ಮಾಳಿಗೆಯಲ್ಲಿ ಅಲ್ಲಾಡಿ ಹೋಯಿತು.
ಮೂರಕ್ಕೆ ಐದು ನಿಮಿಷ ಇರುವಾಗ
ಸರಳುಗಳ ನಡುವಿಂದ ಇಳಿಯಿತು,
ಒಂದು ಜೋಳದ ರೊಟ್ಟಿಯಷ್ಟು.
ಸುತ್ತ ಗೆರೆ ಎಳೆದೆ. ಸರಿಯಿತು. ಮತ್ತೆ ಎಳೆದೆ.
ಆರು ರೊಟ್ಟಿ ಆಗುವಷ್ಟರಲ್ಲಿ ಗೋಡೆ ಹತ್ತಿ ಮುಗಿಯಿತು.

ಬೀಡಿ ಸುತ್ತುತ್ತಿದ್ದ ಮಹಾನಂದಾ ನಕ್ಕಳು:
"ನನ್ನ ಕೇಳಿದ್ರ ಹೇಳ್ತಿದ್ದೆ.
ಪುಷ್ಯದಾಗ ಅದು ಕಾಟಿನ ತನಕಾ ಬರ್ತದ,
ನೆಟ್ಟಗ ನಿಮ್ಮ ಮಾರಿ ಮ್ಯಾಲ.
ಆ ಮಳಿಗೆ ಹಳೀ ಸೀರಿ ಕಟ್ತೀನಿ,
ನೀವು ಏಳೂದ್ರಾಗ ಬಿಚ್ಚಿಡ್ತೀನಿ."

ಆ ಮೊಳೆಗೆ ನಾನು ದಿನಾ ಅಂಗಿ ಹಾಕುತ್ತೇನೆ.
ಯಾಕೆ ಹೊಡೆದದ್ದೆಂದು ಕೇಳಿರಲಿಲ್ಲ.

ಗುಲಾಬಿ ಬೇಡ ಅಂದಳು ಸುಲಭಾಬಾಯಿ, ಕ್ರೋಟನ್ನೂ ಬೇಡ.
ಹಳದಿ ಅಂಚಿನ, ಕತ್ತಿಯಂಥ ಎಲೆಯದೊಂದನ್ನು ಮುಂದಿಟ್ಟಳು:
"ಉಳಿದ ಬೆಳಕಿನಾಗ ಬದುಕೂ ಜಾತಿ ಇದು.
ಪ್ರೀತಿ ಮಾಡಿ ನೀರು ಹಾಕಿ ಕೊಲ್ಲಬ್ಯಾಡ್ರಿ.
ಎರಡು ಗೆಣ್ಣು ಬೆರಳು ಇಳಸ್ರಿ, ಒಣಾ ಹತ್ತಿದ್ರ ಅಷ್ಟ."

ಬೆರಳಿನ ಕೆಲಸ ನನಗೆ ಬರುತ್ತದೆ.
ಕರೆಂಟು ಹೋದಾಗಲೂ ಹರಿದ ಎಳೆ ಹುಡುಕುವ ಬೆರಳು ಇವು.
ಶುಕ್ರವಾರಕ್ಕೊಮ್ಮೆ, ನಾಪಾಸಾದ ಟವೆಲಿನ ತುಂಡು ತೋಯಿಸಿ
ಎಲೆ ಒರೆಸುತ್ತೇನೆ.
ನಾನೇ ಹೊತ್ತು ತಂದ ಅರಳೆ ಅದರ ಮೇಲೂ ಕೂತಿರುತ್ತದೆ.

ನಾಲ್ಕು ತಿಂಗಳು ಸುಮ್ಮನೆ ನಿಂತಿತ್ತು.
ಬದುಕಿದೆಯೋ ಇಲ್ಲವೋ ಅನ್ನುವ ಹಾಗೆ.
ಪುಷ್ಯ ಬಂತು.
ಒಂದು ಮಧ್ಯಾಹ್ನ ಎದ್ದು ನೋಡುತ್ತೇನೆ:
ಬುಡದಲ್ಲಿ ಬೀಡಿಯಂತೆ ಬಿಗಿಯಾಗಿ ಸುತ್ತಿಕೊಂಡು
ಬೆರಳುದ್ದದ ಎಲೆ.

ಎಲೆ ಕಟ್ಟು ತರಲು ಹೋದವಳು
ಅವತ್ತು ಸೀರೆ ಬಿಚ್ಚುವುದು ಮರೆತಿದ್ದಳು.
ಅರ್ಧಕ್ಕೆ ಮಡಚಿ ಕಟ್ಟಿತ್ತು.
ನನ್ನ ಮುಖದ ಕಡೆ ನೆರಳು,
ಕುಂಡದ ಕಡೆ ತೆರೆದದ್ದು.