ಮೂರಿಂಚಿನ ಕೊಳವೆ

ವಾರದಲ್ಲಿ ಆರು ದಿನ ನನ್ನ ಕೆಲಸ
ಜನರಿಗೆ ಉಸಿರೆಳೆಯಲು ಹೇಳುವುದು.
ಮೂಗಿಗೆ ಕ್ಲಿಪ್ಪು, ಬಾಯಿಗೆ ರಟ್ಟಿನ ಕೊಳವೆ,
ಎಳೀರಿ, ಎಳೀರಿ, ಇನ್ನೂ ಎಳೀರಿ,
ಈಗ ಊದಿ, ಒಂದೇ ಸಲಕ್ಕೆ, ನಿಲ್ಲಿಸಬೇಡಿ.
ಪರದೆಯ ಮೇಲೆ ಗೆರೆಯೊಂದು ಗುಡ್ಡ ಹತ್ತಿ
ಅರ್ಧಕ್ಕೇ ಕುಸಿಯುತ್ತದೆ.

ಏಳನೆಯ ದಿನ ಗುತ್ತಲು ರಸ್ತೆಯ ಮನೆಯ ಮುಂದೆ
ಬಾನೆಟ್ ಎತ್ತಿ
ಹದಿಮೂರು ವರ್ಷದ ಡೀಸೆಲ್ ಕಾರಿನ ಎದೆ ನೋಡುತ್ತೇನೆ.
ಟರ್ಬೊ ಇದೆ ಇದಕ್ಕೆ, ಬಸವನಹುಳದ ಚಿಪ್ಪಿನ ಹಾಗೆ ಸುತ್ತಿಕೊಂಡು:
ಬಿಟ್ಟ ಉಸಿರಿಗೇ ಒಂದು ಚಕ್ರ ತಿರುಗಿ
ಆ ಚಕ್ರವೇ ಮುಂದಿನ ಉಸಿರನ್ನು ಒಳಗೆ ತಳ್ಳುವ ಉಪಾಯ.
ಯಾರ ತಲೆಗೆ ಹೊಳೆಯಿತೋ, ಪುಣ್ಯಾತ್ಮ.
ಆದರೆ ಕಂಪನಿಯವರು ಮೂಗು ಇಟ್ಟದ್ದು ರೇಡಿಯೇಟರಿನ ಬೆನ್ನಿಗೆ,
ಒಲೆಯ ಮುಂದೆ ಕೂತು ಊದುವವಳ ಮೂಗಿನ ಹಾಗೆ.
ಲ್ಯಾಬಿನ ಥರ್ಮಾಮೀಟರ್ ಇಳಿಬಿಟ್ಟು ನೋಡಿದೆ:
ಹೊರಗೆ ಮೂವತ್ತೊಂದು. ಒಳಗೆ ಅರವತ್ತೆರಡು.
ಕಾದ ಗಾಳಿ ಅಂದರೆ ನೀರು ಬೆರೆಸಿದ ಹಾಲು,
ಲೋಟ ತುಂಬುತ್ತದೆ, ಹೊಟ್ಟೆ ತುಂಬುವುದಿಲ್ಲ.

ನಯಾಜನ ಬೋರ್‌ವೆಲ್ ಸಾಮಾನಿನ ಅಂಗಡಿಯಲ್ಲಿ
ಮೂರಿಂಚಿನ ಪಿವಿಸಿ ಕೇಳಿದೆ. ಎಷ್ಟು ಆಳ ಅಕ್ಕ, ಅಂದ.
ಎರಡೂವರೆ ಅಡಿ.
"ಎಲ್ಡೂವರೆ ಅಡೀಲಿ ಯಾವ್ ನೀರಕ್ಕ ಸಿಕ್ತದೆ?"
ನೀರಲ್ಲ, ಗಾಳಿ. ವಿವರಿಸಿದೆ. ನಕ್ಕ. ಆಮೇಲೆ ನಗಲಿಲ್ಲ.
"ಪಿವಿಸಿ ಬ್ಯಾಡ, ಬಿಸಿಗೆ ಹಪ್ಪಳ ಆಗೋಯ್ತದೆ"
ಎಂದು ತನ್ನದೇ ಸ್ಕೂಟರಿನಲ್ಲಿ ಗುಜರಿಗೆ ಕರೆದೊಯ್ದ.

ಅಲ್ಲಿ ಸಿಕ್ಕಿತು ಸ್ಟೀಲಿನ ಕೊಳವೆ,
ಯಾವುದೋ ಡೇರಿಯದು, ಒಳಗೆ ಇನ್ನೂ ಹುಳಿ ವಾಸನೆ.
ಬಿಸಿಗೆ ಅಡ್ಡಗೋಡೆ, ಬೇಕರಿಯವನು ಎಸೆದ ಟ್ರೇ:
ಬನ್ನಿನ ಹದಿನಾರು ಗುಂಡು ಕಲೆ ಹಾಗೇ ಉಳಿದಿವೆ.
ಸಿಲಿಕಾನಿನ ಮೊಣಕೈ ಮಾತ್ರ ಮೈಸೂರಿನಿಂದ, ನಾನ್ನೂರ ಐವತ್ತು,
ಚೌಕಾಸಿಗೆ ಬಗ್ಗಲಿಲ್ಲ.

ಕೊಯ್ದ ಅಂಚಿಗೆ, ಬೆರಳು ಸಾಕು ಅನ್ನುವ ತನಕ ಅರ ಹಾಕಿದೆ.
ಸಾಸಿವೆಯಷ್ಟು ಚೂರು ಒಳಗೆ ಹೋದರೂ
ನಿಮಿಷಕ್ಕೆ ಲಕ್ಷ ಸುತ್ತು ಸುತ್ತುವ ರೆಕ್ಕೆ ಉಳಿಯುವುದಿಲ್ಲ.
ನಾಲೆಯ ಊರು ಇದು,
ರಸ್ತೆಗೆ ನೀರು ಬರಲು ಮಳೆಯೇ ಆಗಬೇಕೆಂದಿಲ್ಲ.
ಗಾಳಿ ಕುಡಿಯುವ ಬಾಯಿ ನೀರು ಕುಡಿದರೆ ಮುಗಿಯಿತು;
ಎಡದೀಪದ ಬೆನ್ನಿಗೆ, ಮೊಣಕಾಲಿಗಿಂತ ಗೇಣು ಮೇಲೆ ಇಟ್ಟೆ.

ಸಂಜೆ ಕೀಲಿ ತಿರುಗಿಸಿದರೆ ಕೆಮ್ಮು.
ಕಪ್ಪು ಹೊಗೆ. ಹಳದಿ ದೀಪ.
ಎದುರುಮನೆ ಸಾಕಮ್ಮ ಕಾಂಪೌಂಡಿನಾಚೆಯಿಂದ:
"ಚೆಂದಾಗಿದ್ದುದ್ನ ಬಿಚ್ಚಾಕುದ್ಯಲ್ಲವ್ವ!"
ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ.
ಎಂಟು ಗಂಟೆಗೆ ಗೊತ್ತಾಯಿತು,
ಗಾಳಿ ಅಳೆಯುವ ಸೆನ್ಸರನ್ನೇ ಹಿಂದುಮುಂದು ಕೂರಿಸಿದ್ದೆ.
ಅಕ್ಕಿಕಾಳಿನಷ್ಟು ಬಾಣದ ಗುರುತು
ಆಗಿನಿಂದಲೂ ನನ್ನ ಕಡೆಗೇ ತೋರಿಸುತ್ತಿತ್ತು.
ದಿನಕ್ಕೆ ನಲವತ್ತು ಜನಕ್ಕೆ ಹೇಳುವವಳು ನಾನು:
ಕೊಳವೆ ತಿರುಗಿಸಿ ಹಿಡಿದಿದ್ದೀರಿ.

ರಾತ್ರಿ ಪಾಂಡವಪುರದ ರಸ್ತೆ.
ಮೂರನೆಯ ಗೇರಿನಲ್ಲಿ ಸಣ್ಣಗೆ ಒಂದು ಸಿಳ್ಳೆ,
ಇಷ್ಟು ದಿನ ಡಬ್ಬಿಯೊಳಗೆ ಅಡಗಿದ್ದದ್ದು.
ಪಿಕಪ್ ಹೆಚ್ಚಿತಾ ಅಕ್ಕ, ನಯಾಜ್ ಫೋನಿನಲ್ಲಿ.
ಹೆಚ್ಚಿತು ಅಂದೆ. ನಿಜ ಗೊತ್ತಿಲ್ಲ.
ಥರ್ಮಾಮೀಟರ್ ಮಾತ್ರ ಮೂವತ್ತೇಳು ಅಂದಿತು,
ಜ್ವರವಿಲ್ಲದ ಮೈಯಷ್ಟು.

ತಿಂಗಳಿಗೆ ಫಿಲ್ಟರ್ ಬಿಚ್ಚಿದೆ.
ಕಬ್ಬಿನ ಸೂಲಂಗಿಯ ಎಳೆ, ಸತ್ತ ಒಂದು ಜೇನು, ಮತ್ತೆ ಕರಿ.
ಫ್ಯಾಕ್ಟರಿ ಚಿಮಣಿಯಿಂದ ಒಣಹಾಕಿದ ಬಟ್ಟೆಗೆ ಬೀಳುವುದೂ ಇದೇ.
ಬಾಯ್ಲರ್ ಮುಂದೆ ಮೂವತ್ತು ವರ್ಷ ನಿಂತ ಚಿಕ್ಕಂಕಯ್ಯ
ಹೋದ ಗುರುವಾರ ಊದಿದರು. ನೂರಕ್ಕೆ ನಲವತ್ತೊಂದು.
"ಇಷ್ಟೇಯಾ?" ಅಂದರು,
ತಕ್ಕಡಿಯವನ ಮುಖ ನೋಡುವ ಹಾಗೆ ನನ್ನ ನೋಡಿ.

ಮೆಟ್ಟಿಲ ಅಂಚಿಗೆ ಫಿಲ್ಟರ್ ಬಡಿಯುತ್ತೇನೆ.
ಕರಿ ಉದುರುತ್ತದೆ. ಇನ್ನೊಮ್ಮೆ. ಇನ್ನೂ ಉದುರುತ್ತದೆ.
ಸೋಪುನೀರಿನಲ್ಲಿ ಅದ್ದಿ ನೆರಳಿಗೆ ಇಟ್ಟು
ಒಣಗಲೆಂದು ಪಕ್ಕದಲ್ಲೇ ಕೂತಿದ್ದೇನೆ.
ಕಾರು ಬಾಯಿ ತೆರೆದು ನಿಂತಿದೆ.
ಕೊಳವೆಯ ತುದಿಗೆ ಹಳೆಯ ರವಿಕೆ ತುರುಕಿದ್ದೇನೆ,
ಇರುವೆಯೂ ಹೋಗದ ಹಾಗೆ.