ಒಂದಕ್ಕೆ ಮೂವತ್ತೈದು

ಕೆರಗೋಡಿನಾಚೆ ಗಂಗಮಾಳಮ್ಮನ ಆಲೆಮನೆಯಲ್ಲಿ
ಗಾಣ ತಿರುಗಿಸುವ ಎಂಜಿನ್ನು ಮಿಲಿಟರಿಯದು
ಎಂದವನು ದಸ್ತಗೀರ್,
ಮಂಡಿ ಮೊಹಲ್ಲಾದಲ್ಲಿ ಕಾರ್ಬೊರೇಟರ್ ತೊಳೆಯುತ್ತ.
‘ಮೂತಿ ನೋಡಿ ಸಾರ್,
ಬುಲ್‌ಡಾಗಿಗೆ ಕೆಪ್ಪಟರಾಯ ಬಂದಂಗದೆ.’

ನಾನು ಅಗ್ರಹಾರದ ಲ್ಯಾಬಿನಲ್ಲಿ ಹಲ್ಲು ಮಾಡುವವನು.
ಪಕ್ಕದ ಹಲ್ಲಿಗೆ ಬಣ್ಣ ಹೊಂದಿಸಿ,
ನಕ್ಕರೂ ಯಾರಿಗೂ ಗೊತ್ತಾಗದಂತೆ ಕೂರಿಸುವುದು
ಹಗಲಿನ ಅನ್ನ.
ರಾತ್ರಿ ಅದೇ ಚಿಮಟ, ಅದೇ ಸಣ್ಣ ಕತ್ತಿ,
ಅಂಗೈಯಗಲದ ಯುದ್ಧದ ಲಾರಿಗಳು.
ಹದಿನೆಂಟು ಆಗಿವೆ. ಹತ್ತೊಂಬತ್ತನೆಯದಕ್ಕೆ
ಪುಸ್ತಕಕ್ಕೊಂದು ಬಣ್ಣ.
ಹಳೆಯ ಫೋಟೋಗಳನ್ನು ಕೇಳಿದರೆ
ಬೂದಿ, ಬೂದಿ, ಅಷ್ಟೇ ಸಾಕ್ಷಿ.

ಭಾನುವಾರ ಹೋದೆ.
ಟಾರ್ಪಾಲಿಲ್ಲ, ಬಾಗಿಲಿಲ್ಲ.
ಹಿಂದಿನ ಚಕ್ರದ ಜಾಗದಲ್ಲಿ ರಾಟೆ,
ರಾಟೆಗೆ ಪಟ್ಟೆ, ಪಟ್ಟೆಯ ಆ ಕೊನೆಗೆ ಗಾಣ.
ಆದರೂ ಆ ಹಣೆ! ಗಾಜಿನ ಚೌಕಟ್ಟು ಒಳಕ್ಕೆ ಓರೆ,
ಮೇಲೆ ಹಾರುವವನ ಕಣ್ಣಿಗೆ ಹೊಳೆಯದಿರಲೆಂದು
ಸಮುದ್ರದಾಚೆ ಯಾರೋ ಎಳೆದ ಗೆರೆ.
ಈಗ ಅದರ ಮೇಲೆ ಒಂದು ರಗ್ಗು ಒಣಗುತ್ತಿತ್ತು.

ಟೇಪು ಬಿಚ್ಚಿದೆ. ಅಚ್ಚಿನಿಂದ ಅಚ್ಚಿಗೆ ನೂರಾ ಒಂದು ಅಂಗುಲ.
ನನ್ನ ಮೇಜಿನ ಮೇಲೆ ಎಪ್ಪತ್ತಮೂರು ಮಿಲಿಮೀಟರು, ಚೂರು ಹೆಚ್ಚು.
ಆ ಚೂರಿಗಾಗಿ ಎರಡು ಸಲ ಕೆಸರಲ್ಲಿ ಅಂಗಾತ ಮಲಗಿದೆ.
ಒಲೆಗೆ ರಚ್ಚು ತಳ್ಳುತ್ತಿದ್ದ ಹುಡುಗರು ಕೇಳಿದರು:
‘ಡಾಕ್ಟ್ರಾ? ಏನಾಗದೆ ಅದ್ಕೆ?’

ಮಡ್‌ಗಾರ್ಡಿನ ಮಡಿಕೆಯಲ್ಲಿ, ಬಿಸಿಲು ತಾಗದ ಕಡೆ,
ಉಗುರಿನಷ್ಟು ಜಾಗ ಕೆರೆದೆ.
ಮನೆಬಾಗಿಲಿಗೆ ಹೊಡೆದು ಮಿಕ್ಕ ನೀಲಿ.
ಅದರಡಿ ಕೆಂಪು ಪ್ರೈಮರು.
ಅದರಡಿ ಹಸಿರು. ಎದೆ ಹಾರಿತು.
ಅಲ್ಲ, ಪಂಪ್‌ಸೆಟ್ಟಿನ ಹಸಿರು.
ಅದರಡಿ, ಕೂದಲೆಳೆಯಷ್ಟು ತೆಳ್ಳಗೆ,
ಮರಳೂ ಅಲ್ಲದ ಮಣ್ಣೂ ಅಲ್ಲದ ಒಂದು.
ಹಲ್ಲಿನ ಹದಿನಾರು ಮಾದರಿ ತಂದಿದ್ದೆ, ಬಣ್ಣದ ಡಬ್ಬಿಗಳ ಚೀಟಿಗಳನ್ನೂ.
ಯಾವುದೂ ಕೂಡಲಿಲ್ಲ.

ಬಾನೆಟ್ಟಿನ ಬಲಕ್ಕೆ ಒಂದು ತೂತು, ದುಂಡಗೆ.
ಮನಸ್ಸು ಆಗಲೇ ಮರುಭೂಮಿ ಹಾಸಿತ್ತು.
‘ಗುಂಡಾ?’ ಎಂದೆ.
ಕೊಪ್ಪರಿಗೆಯ ನೊರೆ ತೆಗೆಯುತ್ತಲೇ ಅಂದಳು ಗಂಗಮಾಳಮ್ಮ:
‘ಗುಂಡೂ ಇಲ್ಲ ತುಂಡೂ ಇಲ್ಲ ಕನಪ್ಪ.
ನಮ್ಮಾವ ಬೈರಿಗೆ ಹಾಕುದ್ದು, ಲಾಟೀನು ಸಿಗಿಸಾಕೆ.’
ಯುದ್ಧ ಕಂಡಿತ್ತೇ ಇದು?
‘ನಮ್ಮತ್ತೆನ ಕೇಳ್ಬೇಕಿತ್ತು. ಹರಾಜಲ್ಲಿ ಇದ ತಂದುದ್ಕೆ
ಅವ್ರಿಬ್ರಿಗೂ ಆರು ತಿಂಗ್ಳು ನಡೀತಂತೆ.’

ಹೋದ ವರ್ಷ ಜಯಲಕ್ಷ್ಮೀಪುರದ ನಿವೃತ್ತ ಮೇಜರೊಬ್ಬರು ಬಂದಿದ್ದರಂತೆ.
‘ಕೊಡಿ, ಮೊದಲಿದ್ದ ಹಾಗೇ ಮಾಡ್ತೀನಿ’ ಅಂದರಂತೆ.
‘ಮಾಡಿ ಏನರೀತೀರಿ ಅಂದೆ.
ಅದ್ಕೆ ಉತ್ರ ಇಲ್ಲ ಅವ್ರತ್ರ.’
ನನ್ನತ್ರ ಕೂಡ ಇರಲಿಲ್ಲ; ಟೇಪು ಸುತ್ತಿಕೊಂಡೆ.
ಹೊರಡುವಾಗ ಪೇಪರಲ್ಲಿ ಸುತ್ತಿ ಕೊಟ್ಟಳು
ಆಗತಾನೇ ಆರಿದ ಒಂದು ಉಂಡೆ ಬೆಲ್ಲ.
ಮದ್ದು ಹಾಕದ್ದು, ಮನೆಗೆಂದು ಎತ್ತಿಟ್ಟದ್ದು.

ಶ್ರೀರಂಗಪಟ್ಟಣದ ಸೇತುವೆ ಮೇಲೆ ಬಸ್ಸು ನಿಂತಾಗ
ಸುಮ್ಮನೆ ಬಿಚ್ಚಿದೆ.
ಜೇಬಿನಿಂದ ಆ ಚಕ್ಕೆ ತೆಗೆದು ಪಕ್ಕಕ್ಕೆ ಹಿಡಿದೆ.
ಇಪ್ಪತ್ತೆರಡು ವರ್ಷ ಬಣ್ಣ ನೋಡಿ ಬದುಕಿದ ಕಣ್ಣು
ಮತ್ತೆ ನೋಡಿತು.
ಪಕ್ಕದ ಸೀಟಿನವರು ‘ಎಲ್ಲೀದು ಬೆಲ್ಲ?’ ಎಂದು ಕೇಳಿದರು.

ರಾತ್ರಿ ಬಾನೆಟ್ಟಿನ ಬಲಕ್ಕೆ
ಪಾಯಿಂಟ್ ಮೂರು ಮಿಲಿಮೀಟರಿನ ತೂತು ಕೊರೆದೆ.
ಡಬ್ಬದಲ್ಲಿ ಬಂದ ಸಿಪಾಯಿ ಸ್ಟೀರಿಂಗ್ ಹಿಡಿದೇ ಕೂತಿದ್ದಾನೆ.
ಯಾವ ಊರಿಗೆಂದು ಅವನಿಗಿನ್ನೂ ಹೇಳಿಲ್ಲ.
ಬೆಲ್ಲದುಂಡೆಗೆ ಚೀಟಿ ಅಂಟಿಸಿ ಮಲಗಿದೆ:
‘ಹತ್ತೊಂಬತ್ತು. ಮೂಲ ಬಣ್ಣ.’

ಬೆಳಗ್ಗೆ ಎದ್ದರೆ
ಮೂಲ ಬಣ್ಣವನ್ನು ಚೂರು ಚೂರು ಹೊತ್ತು ಇರುವೆಗಳು
ಕಿಟಕಿ ದಾಟುತ್ತಿದ್ದವು.
ತಡೆಯಲಿಲ್ಲ.
ಸಾಲಿನ ಉದ್ದ ಅಳೆದು
ಮೂವತ್ತೈದರಿಂದ ಗುಣಿಸಿದೆ.