ಬಟ್ಟಲ ನೀರು

ಇಪ್ಪತ್ತೆರಡು ವರ್ಷದಿಂದ ನಾನು ಈ ಲ್ಯಾಬಿನ ಅಟೆಂಡರು.
ಶಿಡ್ಲಘಟ್ಟದ ಜೂನಿಯರ್ ಕಾಲೇಜು, ಎಡಗಡೆ ಕೊನೇ ಕೋಣೆ.
ಕಿಟಕಿ ತೆಗೆದರೆ ರೀಲಿಂಗ್ ಷೆಡ್ಡುಗಳ ವಾಸನೆ,
ಬೆಂದ ಹುಳದ್ದು.
ಹೊಸಬರ ಮೂಗಿಗೆ ಮಾತ್ರ ಹೊಡೆಯುತ್ತದೆ.

ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ವಿಜ್ಞಾನದಲ್ಲಿ ಡುಮ್ಕಿ.
ಆದರೂ ವನಜಾಕ್ಷಿ ಮೇಡಂ ಬೋರ್ಡಿಗೆ ಬರೆದದ್ದೆಲ್ಲ
ಡಸ್ಟರಿನ ಜೊತೆ ನನ್ನ ಕೈಗೂ ಅಂಟಿದೆ:
ಪ್ರೋಟೀನಿಗೆ ಇಪ್ಪತ್ತೇ ಅಕ್ಷರವಂತೆ,
ನಮ್ಮ ವರ್ಣಮಾಲೆಯ ಅರ್ಧವೂ ಇಲ್ಲ,
ಅಷ್ಟರಲ್ಲೇ ಕೂದಲು, ಉಗುರು, ಕೋಳಿಯ ಪುಕ್ಕ.
ಪೋಣಿಸಿದರೆ ಸರ,
ಸರ ಸುತ್ತಿಕೊಂಡರೆ ಸುರುಳಿ,
ಅಕ್ಕಪಕ್ಕ ಮಲಗಿ ಕೈ ಹಿಡಿದುಕೊಂಡರೆ ನೆರಿಗೆ.
ರೇಷ್ಮೆ ನೆರಿಗೆಯ ಜಾತಿ, ಅಂದರು ಮೇಡಂ.
ಉಡುವ ಮೊದಲೇ ನೆರಿಗೆ ಹಿಡಿದ ಸೀರೆ!
ಹಿಂದುಗಡೆ ನಿಂತು ನಾನೊಬ್ಬನೇ ನಕ್ಕೆ.

ಇವತ್ತು ಪ್ರಾಕ್ಟಿಕಲ್ಲು.
ಮೊಟ್ಟೆಯ ಲೋಳೆ, ಹಾಲು, ಹುರುಳಿ ರುಬ್ಬಿ ಸೋಸಿದ್ದು, ಗಂಜಿ.
ಎರಡು ಮಿಲಿ ಕಾಸ್ಟಿಕ್, ಆಮೇಲೆ ತೊಟ್ಟು ತೊಟ್ಟು ಮೈಲುತುತ್ತ,
ದ್ರಾಕ್ಷಿ ಬಳ್ಳಿಗೆ ಸುಣ್ಣದ ಜೊತೆ ಹೊಡೆಯುತ್ತಾರಲ್ಲ, ಅದೇ.
ಅಲ್ಲಾಡಿಸಿ. ಕಾಯಿಸಬೇಡಿ, ಕಾಯಿರಿ.
ಮೊಟ್ಟೆ, ನೇರಳೆಹಣ್ಣು ತಿಂದ ನಾಲಿಗೆಯಾಯಿತು.
ಹಾಲು ತಡೆದು ತಡೆದು ಒಪ್ಪಿಕೊಂಡಿತು. ಹುರುಳಿಯೂ.
ಗಂಜಿ ಮಾತ್ರ ನೀಲಿಯಲ್ಲೇ ಕೂತಿತು, ಮೊಂಡು.

ಬೆಲ್ಲು ಹೊಡೆದ ಮೇಲೂ ಹೋಗಲಿಲ್ಲ ತಹಸೀನಾ.
ಬ್ಯಾಗಿನಿಂದ ಬಾಟಲಿ ತೆಗೆದಳು,
ತಳದಲ್ಲಿ ಕಂದು ಮಡ್ಡಿ, ಮೇಲೆ ಹಳದಿ ನೀರು.
"ಪಿಳ್ಳಪ್ಪಣ್ಣಾ, ಇದಕ್ಕೂ ಹಾಕಿ ನೋಡೋಣ.
ಅಮ್ಮಿ ನೂಲು ತೆಗೆಯೋ ಬಟ್ಟಲದ್ದು."
ಸಿಲಬಸ್ಸಿನಲ್ಲಿಲ್ಲ, ಅಂದೆ.
ಅಂದವನೇ ಕರವಸ್ತ್ರದಲ್ಲಿ ಸೋಸಿದೆ.

ಒಂದು ತೊಟ್ಟು. ಏನಿಲ್ಲ.
ಮೂರನೆಯದಕ್ಕೆ ನಳಿಕೆಯ ಹೊಟ್ಟೆಯಿಂದ
ಕೆಸರು ಕೆಸರಾಗಿ ನೇರಳೆ ಎದ್ದಿತು.
"ಗೂಡಿನ ಅಂಟು ಕರಗಿರೋದು.
ಎಳೆ ಬಿಸಿನೀರಿಗೆ ಸೋಲಲ್ಲ, ಅಂಟಿಗೆ ಆ ಹಟ ಇಲ್ಲ."
ಮೇಡಂ. ಬಾಗಿಲಲ್ಲಿ. ಯಾವಾಗ ಬಂದರೋ.

ಹುಡುಗಿ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದಳು.
"ಅಮ್ಮಿ ಬೆರಳ ಚರ್ಮ ದಿನಾ ಸುಲಿದು ಅದರಲ್ಲೇ ಬೀಳುತ್ತೆ ಮೇಡಂ.
ಈ ಬಣ್ಣದಲ್ಲಿ ಹುಳದ್ದೆಷ್ಟು, ಅವಳದ್ದೆಷ್ಟು?"

ತಾಮ್ರಕ್ಕೆ ಗೊತ್ತಾಗುವುದು ಕೊಂಡಿ ಮಾತ್ರ,
ಅಕ್ಷರ ಅಕ್ಷರದ ನಡುವೆ ಬಿಗಿದ ಕೊಂಡಿ.
ಯಾರದ್ದು ಅಂತ ಅದು ಕೇಳುವುದಿಲ್ಲ.
ಮೇಡಂ ಇಷ್ಟು ಹೇಳಿ ಕನ್ನಡಕ ಒರೆಸಿಕೊಂಡರು.
ರೆಕಾರ್ಡಿಗೆ ಬರೀಲಾ, ಅಂದಳು.
ಬರಿ.
ಮಾದರಿ ಐದು. ಬಣ್ಣ ನೇರಳೆ. ನಿರ್ಣಯ: ಇದೆ.

ಎಲ್ಲರೂ ಹೋದ ಮೇಲೆ ತೊಳೆಯಲು ಕೂತೆ.
ಕಾಸ್ಟಿಕ್ ಎಲ್ಲೋ ತಾಗಿರಬೇಕು,
ಹೆಬ್ಬೆರಳು ತೋರುಬೆರಳು ಒಂದರ ಮೇಲೊಂದು ಜಾರಿದವು.
ಅದು ಸೋಪಲ್ಲ ಕಣೋ, ನೀನೇ ಕರಗ್ತಿರೋದು,
ಅಂತ ಸೇರಿದ ವರ್ಷವೇ ಹಳೇ ಅಟೆಂಡರು ಹೇಳಿದ್ದ.
ನಲ್ಲಿ ತಿರುಗಿಸಿದೆ. ನೀರು ಬಂದಿರಲಿಲ್ಲ.
ಬಕೆಟ್ಟಿಗೆ ಕೈ ಅದ್ದಿ
ಎಷ್ಟೋ ಹೊತ್ತು ಹಾಗೇ ಇಟ್ಟುಕೊಂಡಿದ್ದೆ.